ಸೊಂಟಕ್ಕೊಂದು ಸ್ಪ್ರಿಂಗು, ಡಿಕ್ಕಿಗೊಂದು ಮೂಟೆ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಮಡಕೆ ಇದೆ. ಆ ಮಡಕೆ ಕೂತಿರುವುದು ಸಿಂಬೆಯ ಮೇಲಲ್ಲ, ಕಾರಿನ ಸ್ಪ್ರಿಂಗಿನ ಮೇಲೆ. ಮನೆಗೆ ಬಂದ ನೆಂಟರು ನೀರು ಬಗ್ಗಿಸಿಕೊಳ್ಳಲು ಹೋದವರು ಕಪ್ಪಗೆ ಸುರುಳಿ ಸುತ್ತಿಕೊಂಡು ಕೂತ ಆ ಕಬ್ಬಿಣವನ್ನು ಕಂಡು ಇದೇನು ಎಂದು ಕೇಳುತ್ತಾರೆ. “ನಮ್ಮ್ ಯಜಮಾನ್ರನ್ನ ಕೇಳಿ, ಅವರೇ ತಂದಿದ್ದು” ಎಂದು ನನ್ನ ಹೆಂಡತಿ ಭಾಗ್ಯ ನನ್ನ ಕಡೆ ಕೈ ತೋರಿಸಿಬಿಡುತ್ತಾಳೆ. ನಾನು ಹೇಳಲು ಶುರು ಮಾಡಿದರೆ ನೆಂಟರು ಊಟದ ಹೊತ್ತಿನವರೆಗೂ ಏಳುವ ಹಾಗಿಲ್ಲ, ಎದ್ದು ಹೋಗದವರಿಗೆ ಊಟ ಹಾಕದೆ ಇರುವ ಹಾಗೂ ಇಲ್ಲ. ಆದ್ದರಿಂದ ‘ಹಳೇ ಸ್ಪ್ರಿಂಗು’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ನಿಮಗೆ ಬಿಡುವಿರುವಂತೆ ಕಾಣುತ್ತದೆ, ಊಟವೂ ಆಗಿರಬಹುದು. ನಿಮಗೆ ಪೂರಾ ಹೇಳುತ್ತೇನೆ.

ನಾವಿರುವುದು ಮಂಡ್ಯದ ಗುತ್ತಲಿನಲ್ಲಿ. ಕೆಲಸ ಇಬ್ಬರಿಗೂ ಮದ್ದೂರಿನಲ್ಲಿ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ, ಭಾಗ್ಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಆಗಿಹೋದದ್ದೆಲ್ಲ ನನ್ನ ಖಾತೆ, ಆಗಬೇಕಾದದ್ದೆಲ್ಲ ಅವಳ ಖಾತೆ ಎಂದು ಮನೆಯಲ್ಲಿ ಅಧಿಕಾರ ಹಂಚಿಕೆಯಾಗಿದೆ. ನಮ್ಮದೊಂದು ಹಳೆಯ ಕಾರು. ಕೊಂಡಾಗ ಬಿಳಿ, ಈಗ ಬೆಲ್ಲದ ಬಣ್ಣಕ್ಕೆ ಹತ್ತಿರ. ವರ್ಷಗಟ್ಟಲೆ ಅದರಲ್ಲೇ ಜೊತೆಯಾಗಿ ಹೋಗಿ ಜೊತೆಯಾಗಿ ಬಂದವರು ನಾವು. ಮನೆಯೊಳಗೆ ನಮ್ಮ ಮಾತುಕತೆ ಎಂದರೆ ‘ಮೋಟ್ರು ಆಫ್ ಮಾಡಿದ್ರಾ’, ‘ಹಾಲು ನೋಡಿ, ಉಕ್ಕತ್ತೆ’ ಅಷ್ಟೇ. ನಿಜವಾದ ಮಾತೆಲ್ಲ ಕಾರಿನಲ್ಲಿ. ಅವಳ ಸ್ಕೂಲಿನ ಹೆಡ್‌ಮಿಸ್ಸಿನ ಜಿಪುಣತನ, ನನ್ನ ತಂಗಿಯ ಮಗಳ ಮದುವೆಗೆ ಯಾರು ಯಾವ ಸೀರೆ ಉಟ್ಟು ಬಂದಿದ್ದರು, ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಪೈಥಾಗೊರಸನನ್ನು ‘ಪೈಥಾಗೌಡ್ರು’ ಎಂದು ಬರೆದದ್ದು, ಎಲ್ಲ ಕಾರಿನಲ್ಲೇ ಕೇಳಿದ್ದು. ಜಗಳ ಕೂಡ ಅಲ್ಲೇ. ಕಾರಿನ ಜಗಳದ ಅನುಕೂಲ ಏನೆಂದರೆ ಮದ್ದೂರು ಬರುವುದರೊಳಗೆ ಮುಗಿಸಲೇಬೇಕು, ಗೇಟಿನ ಹತ್ತಿರ ಮಕ್ಕಳು ನಿಂತಿರುತ್ತಾರೆ.

ಹೀಗಿರುವಾಗ ಭಾಗ್ಯಳ ಸೊಂಟ ಹಿಡಿದುಕೊಂಡಿತು. ಮೊದಲು ಕೂತರೆ ನೋವು, ಆಮೇಲೆ ಎದ್ದರೆ ನೋವು, ಕೊನೆಗೆ ಮಲಗಿದರೂ ನೋವು. ಒಂದು ಮಗ್ಗುಲಲ್ಲಿ ಮಲಗಿ ನಿದ್ದೆ ಹತ್ತುವುದರೊಳಗೆ ಸೊಂಟ ಇನ್ನೊಂದು ಮಗ್ಗುಲು ಕೇಳುತ್ತಿತ್ತು. ತಿಂಗಳುಗಟ್ಟಲೆ ಅವಳು ಒಂದು ಪೂರಾ ನಿದ್ದೆ ಮಾಡಲಿಲ್ಲ. ಡಾಕ್ಟರು ಪಟ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಎತ್ತಿಹಾಕುವ ಗಾಡಿಯಲ್ಲಿ ಓಡಾಡಬೇಡಿ ಎಂದರು. ಅವರು ಹೇಳಿದ್ದು ಗಾಡಿ ಎಂದು, ಭಾಗ್ಯ ತಿರುಗಿ ನೋಡಿದ್ದು ನನ್ನನ್ನು.

ಎತ್ತಿಹಾಕುವುದರಲ್ಲಿ ನಮ್ಮ ಕಾರಿನ ತಪ್ಪು ಎಷ್ಟು, ನಮ್ಮ ಜಿಲ್ಲೆಯ ತಪ್ಪು ಎಷ್ಟು ಎಂದು ನೀವೇ ಹೇಳಬೇಕು. ನಮ್ಮ ಕಡೆ ಊರಿಗೊಂದು ಮಾರಿಗುಡಿ ಇದ್ದ ಹಾಗೆ ಊರಿಗೊಂದು ಹಂಪು. ಎಂಜಿನಿಯರು ಬಂದು ಹಾಕಲಿ ಎಂದು ಯಾರೂ ಕಾಯುವುದಿಲ್ಲ. ಯಾರ ಮನೆ ಮುಂದೆಯಾದರೂ ಒಂದು ಕೋಳಿ ಬೈಕಿಗೆ ಸಿಕ್ಕಿತು ಎಂದರೆ ಸಂಜೆಗೆ ಅಲ್ಲೊಂದು ಹಂಪು ಎದ್ದಿರುತ್ತದೆ. ಕೋಳಿಯ ಗಾತ್ರಕ್ಕೂ ಹಂಪಿನ ಗಾತ್ರಕ್ಕೂ ಸಂಬಂಧ ಇಲ್ಲ, ಕೋಳಿಯವರ ಸಿಟ್ಟಿಗೂ ಹಂಪಿನ ಎತ್ತರಕ್ಕೂ ಇದೆ. ಈ ರಸ್ತೆಗಳಲ್ಲಿ ಮೆತ್ತಗೆ ಹೋಗುವ ಕಾಲ ಅಂದರೆ ಒಂದೇ, ಹುರುಳಿ ಒಕ್ಕಣೆಯ ಕಾಲ. ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಜನ ಗಿಡಗಳನ್ನು ತಂದು ಟಾರಿನ ಮೇಲೆ ಹಾಸಿರುತ್ತಾರೆ. ಆ ಹಾಸಿನ ಮೇಲೆ ಹೋಗುವಾಗ ಮಾತ್ರ ಭಾಗ್ಯ ಕಣ್ಣು ಮುಚ್ಚಿ “ಇದೊಂಚೂರು ಸುಖವಾಗಿದೆ ಕಣ್ರೀ” ಎನ್ನುತ್ತಿದ್ದಳು. ವರ್ಷವೆಲ್ಲ ಮದ್ದೂರಿನ ತನಕ ಹುರುಳಿ ಹಾಸುವುದು ನನ್ನ ಕೈಲಾಗದ ಕೆಲಸ.

ಕೊನೆಗೊಂದು ದಿನ ಬೆಳಿಗ್ಗೆ ಅವಳು ಕಾರಿನ ಬಾಗಿಲ ತನಕ ಬಂದು, ಒಳಗೆ ನೋಡಿ, ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡಳು. “ನಾನು ಇನ್ಮೇಲೆ ಬಸ್ಸಲ್ಲಿ ಬತ್ತೀನಿ ಬುಡಿ. ನೀವು ಹೋಗಿ” ಎಂದಳು. ಜಗಳವಲ್ಲ, ಸಿಟ್ಟಲ್ಲ. ಜಗಳವಾಗಿದ್ದರೆ ಮದ್ದೂರು ಬರುವುದರೊಳಗೆ ಮುಗಿಯುತ್ತಿತ್ತು.

ನಡುವಿನ ಸೀಟಿನಲ್ಲಿ ಕೂತರೆ ಬಸ್ಸು ಅಷ್ಟಾಗಿ ಎತ್ತಿಹಾಕುವುದಿಲ್ಲವಂತೆ. ಕಾರಿದ್ದವನ ಹೆಂಡತಿ ಬಸ್ಸಿನಲ್ಲಿ, ಕಾರಿದ್ದವನು ಬಸ್ಸಿನ ಹಿಂದೆ. ಒಂದು ದಿನ ಗೆಜ್ಜಲಗೆರೆಯ ಹತ್ತಿರ ಅವಳ ಬಸ್ಸಿನ ಪಕ್ಕಕ್ಕೇ ಬಂದೆ. ಕಿಟಕಿಯಲ್ಲಿ ಭಾಗ್ಯ ಯಾರೋ ಹೆಂಗಸಿನ ಜೊತೆ ಮಾತಾಡುತ್ತಾ, ಕೈ ತಿರುಗಿಸುತ್ತಾ, ಬಾಯಿಗೆ ಸೆರಗು ಹಿಡಿದು ನಗುತ್ತಾ ಇದ್ದಳು. ಅದು ಹೆಡ್‌ಮಿಸ್ಸಿನ ಕಥೆ ಎಂದು ನನಗೆ ಕೈ ತಿರುಗಿಸುವ ರೀತಿಯಲ್ಲೇ ಗೊತ್ತಾಯಿತು. ನನಗೆ ಬರಬೇಕಾದ ಕಥೆ ಅದು. ಐವತ್ತು ದಾಟಿದವನು ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಆ ಹೆಂಗಸನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಪಕ್ಕದ ಸೀಟು ಖಾಲಿಯಿದ್ದರೆ ಮದ್ದೂರು ಬಹಳ ದೂರ. ಏನಾದರೂ ಮಾಡಿ ಇವಳನ್ನು ಮತ್ತೆ ಈ ಸೀಟಿನಲ್ಲಿ ಕೂರಿಸಿಕೊಳ್ಳಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ಮೆತ್ತಗೆ ಹೋಗುವ ಗಾಡಿಯ ಚಿಂತೆ ನಮ್ಮ ಮನೆತನಕ್ಕೆ ಹೊಸದಲ್ಲ. ನಾನು ಹುಟ್ಟಿದ್ದು ಕೆರಗೋಡಿನಲ್ಲಿ. ಅಲ್ಲಿ ನಮ್ಮ ತಾತನದೊಂದು ಎತ್ತಿನ ಗಾಡಿ. ಊರಿನ ಒಬ್ಬಿಬ್ಬರು ಸ್ಥಿತಿವಂತರ ಸವಾರಿ ಗಾಡಿಗಳಿಗೆ ಕಮಾನು ಪಟ್ಟಿ ಇತ್ತು, ನಮ್ಮದಕ್ಕೆ ಇರಲಿಲ್ಲ. ನಮ್ಮ ಗಾಡಿಗೆ ಸ್ಪ್ರಿಂಗು ಅಂದರೆ ಹುಲ್ಲು. ಅಜ್ಜಿ ತವರಿಗೆ ಹೊರಟಳೆಂದರೆ ತಾತ ಬಣವೆಯಿಂದ ಹುಲ್ಲು ಹಿರಿದು ತಂದು ಹಾಸಿ, ಮೇಲೆ ಜಮಖಾನ ಹಾಕಬೇಕು. ಅಜ್ಜಿ ಹತ್ತಿ ಕೂತು, ಒಂದು ಸಲ ಆ ಕಡೆ ಈ ಕಡೆ ಅಲ್ಲಾಡಿ, ಕೆಳಗಿಳಿದು “ಇನ್ನೊಂದೊರೆ ಆಕಿ” ಎನ್ನುತ್ತಿದ್ದಳು. ತಾತ ಹಲ್ಲು ಕಡಿಯುತ್ತಾ ಇನ್ನೊಂದು ಹೊರೆ ಹಾಕುತ್ತಿದ್ದ. ನಾನು ಅವಳ ಕಾಲ ಹತ್ತಿರ ಹುಲ್ಲಿನೊಳಗೆ ಹೂತು ಕೂರುತ್ತಿದ್ದೆ. ಹುಲ್ಲಿನ ವಾಸನೆ, ಕೀಲೆಣ್ಣೆಯ ವಾಸನೆ, ಅಜ್ಜಿಯ ಎಲೆಅಡಿಕೆಯ ವಾಸನೆ ಮೂರೂ ಸೇರಿ ಒಂದು ಹದವಾದ ನಿದ್ದೆ ಬರುತ್ತಿತ್ತು. ಹೋಗುವಾಗ ಸುಖವೋ ಸುಖ. ಆದರೆ ತವರೂರಿನಲ್ಲಿ ಗಾಡಿ ಬಿಟ್ಟ ಮೇಲೆ ಎತ್ತುಗಳಿಗೂ ಹೊಟ್ಟೆ ಇದೆಯಲ್ಲ. ಅವು ಒಂದೆರಡು ದಿನದಲ್ಲಿ ನಮ್ಮ ಹಾಸಿಗೆಯನ್ನು ಪೂರಾ ತಿಂದು ಮುಗಿಸುತ್ತಿದ್ದವು. ವಾಪಸು ಬರುವಾಗ ಹಲಗೆಯ ಮೇಲೆ ನಮ್ಮ ಮೂಳೆಗಳೇ ತಾಳ ಹಾಕುತ್ತಿದ್ದವು. ತವರಿನಿಂದ ಬರುವ ಹೆಂಗಸರ ಮುಖ ಯಾಕೆ ಸಪ್ಪಗಿರುತ್ತದೆ ಎಂದು ಜನ ಏನೇನೋ ಹೇಳುತ್ತಾರೆ, ನನಗೆ ಮಾತ್ರ ಅದರ ಕಾರಣ ಗಾಡಿಯ ಹುಲ್ಲು ಮುಗಿದದ್ದು ಎಂದೇ ಅನುಮಾನ.

ಇರಲಿ, ಕಾರಿಗೆ ಬರುತ್ತೇನೆ. ನಮ್ಮ ಬೀದಿ ಮುಗಿಯುವಲ್ಲಿ ಕೆಂಪರಾಜುವಿನ ಗ್ಯಾರೇಜು. ಕೆಂಪರಾಜು ಗಟ್ಟಿ ದನಿಯ ಮನುಷ್ಯ. ತಪ್ಪು ಹೇಳಿದರೂ ಅದೇ ಗಟ್ಟಿಯಲ್ಲಿ ಹೇಳುವುದರಿಂದ ಗಿರಾಕಿಗಳಿಗೆ ಧೈರ್ಯ. ಅವನು ಕಾರಿನ ಮೂತಿಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಕಾರು ಏಳುತ್ತಾ ಬೀಳುತ್ತಾ, ಮತ್ತೆ ಏಳುತ್ತಾ, ನಿಲ್ಲುವ ಮನಸ್ಸೇ ಮಾಡಲಿಲ್ಲ.

“ನೋಡುದ್ರಾ ಮೇಷ್ಟ್ರೇ, ಶಾಕಪ್ಪು ಓಗ್ಬುಟ್ಟದೆ. ಸ್ಪ್ರಿಂಗೂ ಕುಂತೋಗದೆ. ಎಲ್ಡೂ ಬದಲಾಯ್ಸಬೇಕು” ಎಂದ.

ಶಾಕ್ ಅಬ್ಸಾರ್ಬರು ಎಂಬ ಉದ್ದದ ಹೆಸರನ್ನು ನಮ್ಮ ಕಡೆ ಶಾಕಪ್ಪು ಎಂದು ಮಡಚಿಟ್ಟುಕೊಂಡಿದ್ದೇವೆ. ಅಲ್ಲಿಯವರೆಗೆ ನಾನು ಸ್ಪ್ರಿಂಗೂ ಶಾಕಪ್ಪೂ ಒಂದೇ ಎಂದು ತಿಳಿದಿದ್ದೆ. ಅಲ್ಲವಂತೆ. ಕಾರಿನ ಭಾರ ಹೊರುವುದು, ಗುಂಡಿ ಬಂದಾಗ ಕುಗ್ಗಿ ಏಳುವುದು ಸ್ಪ್ರಿಂಗಿನ ಕೆಲಸ. ಆದರೆ ಒಮ್ಮೆ ಎದ್ದ ಸ್ಪ್ರಿಂಗಿಗೆ ಸುಮ್ಮನೆ ಕೂರಲು ಬರುವುದಿಲ್ಲ, ಕುಣಿಯುತ್ತಲೇ ಇರುತ್ತದೆ. ‘ಸಾಕು, ಕೂತ್ಕೊ’ ಎಂದು ಅದನ್ನು ಹಿಡಿದು ಕೂರಿಸುವುದು ಶಾಕಪ್ಪಿನ ಕೆಲಸ. ಇದನ್ನು ಕೇಳಿದ ತಕ್ಷಣ ನನಗೆ ನಮ್ಮ ಸಂಸಾರ ಪೂರಾ ಅರ್ಥವಾಯಿತು. ನಮ್ಮ ಮನೆಯಲ್ಲಿ ಸ್ಪ್ರಿಂಗು ಯಾರು ಎಂದು ನೀವು ಕೇಳುವುದಿಲ್ಲ ಎಂದುಕೊಂಡಿದ್ದೇನೆ.

ಎರಡನ್ನೂ ಬದಲಾಯಿಸಬೇಕು, ಸರಿ. ಯಾವುದನ್ನು ಹಾಕಬೇಕು? ಇಲ್ಲಿಂದ ನನ್ನ ಕಷ್ಟ ಶುರು. ಕಾರಿನ ಜೊತೆ ಬಂದದ್ದನ್ನೇ ಹಾಕಬಹುದು, ಗಿಡ್ಡನೆಯದು ಹಾಕಬಹುದು, ಎತ್ತರದ್ದು ಹಾಕಬಹುದು, ಬಿಗಿಯದು, ಸಡಿಲದ್ದು, ಎಣ್ಣೆ ತುಂಬಿದ ಶಾಕಪ್ಪು, ಗ್ಯಾಸು ತುಂಬಿದ ಶಾಕಪ್ಪು. ಹೆಣ್ಣು ನೋಡುವಾಗ ನನಗೆ ಇಷ್ಟು ಆಯ್ಕೆ ಇರಲಿಲ್ಲ. ಮಂಡ್ಯದಲ್ಲಿ ಸಲಹೆ ಕೇಳಲು ಯಾರ ಮನೆಗೂ ಹೋಗಬೇಕಾಗಿಲ್ಲ, ಬಾನೆಟ್ಟು ಎತ್ತಿ ನಿಲ್ಲಿಸಿದರೆ ಸಾಕು. ಹಾಲಿಗೆ ಹೊರಟವರು, ಕಟಿಂಗಿಗೆ ಹೊರಟವರು ಎಲ್ಲರೂ ನಿಂತು ಒಂದೊಂದು ಹೇಳಿ ಹೋಗುತ್ತಾರೆ.

ಮೊದಲು ಗಟ್ಟಿಯಾಗಿ ಹಿಡಿದುಕೊಂಡವನು ನಮ್ಮ ಕಾಲೇಜಿನ ಫಿಸಿಕ್ಸಿನ ಹರ್ಷ. ಇನ್ನೂ ಮದುವೆಯಾಗದ ಹುಡುಗ, ಸಂಬಳವೆಲ್ಲ ಕಾರಿಗೇ ಹಾಕಿದ್ದಾನೆ. ಗಿಡ್ಡ ಸ್ಪ್ರಿಂಗು ಹಾಕಿಸಿ ಕಾರು ನೆಲ ಮೂಸುತ್ತಾ ಹೋಗುವಂತೆ ಮಾಡಿಕೊಂಡಿದ್ದಾನೆ. “ಲೋ ಮಾಡ್ಸಿ ಸರ್, ಗಾಡಿ ರೋಡ್ ಬಿಟ್ಟು ಅಲ್ಲಾಡಲ್ಲ” ಎಂದು ನನ್ನನ್ನೂ ಇನ್ನಿಬ್ಬರನ್ನೂ ಕೂರಿಸಿಕೊಂಡು ಹೊರಟ. ನಿಜ, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತಿತ್ತು. ಆದರೆ ಕಾಲೇಜಿನ ಗೇಟಿನ ಹಂಪು ಬಂದಾಗ ಹರ್ಷ ಗಾಡಿ ನಿಲ್ಲಿಸಿ “ಸರ್, ಒಂದ್ನಿಮಿಷ ಇಳೀತೀರಾ” ಎಂದ. ನಾವು ಇಳಿದೆವು. ಅವನು ಖಾಲಿ ಕಾರನ್ನು ಓರೆಯಾಗಿ, ಒಂದೊಂದೇ ಚಕ್ರವಾಗಿ ದಾಟಿಸಿದ. ನಾವು ನಡೆದು ದಾಟಿ ಮತ್ತೆ ಹತ್ತಿದೆವು. ಮಂಡ್ಯದಿಂದ ಮದ್ದೂರಿಗೆ ಭಾಗ್ಯಳನ್ನು ಹೀಗೆ ಇಳಿಸಿ ಹತ್ತಿಸಿ ಕರೆದುಕೊಂಡು ಹೋದರೆ ಅವಳು ನಡೆದ ದೂರವೇ ಹೆಚ್ಚಾಗುತ್ತದೆ ಎಂದು ಅನ್ನಿಸಿ ಅವನ ವಿಜ್ಞಾನಕ್ಕೆ ಕೈಮುಗಿದೆ.

ಎರಡನೆಯವನು ನನ್ನ ಬಾಮೈದ ಪುಟ್ಟಸ್ವಾಮಿ. ಭಾಗ್ಯಳ ತಮ್ಮ, ಮಳವಳ್ಳಿಯ ಪಕ್ಕದ ಹಳ್ಳಿಯಲ್ಲಿ ಗದ್ದೆ, ಕಬ್ಬು, ಒಂದು ಆಲೆಮನೆ ನೋಡಿಕೊಂಡಿದ್ದಾನೆ. ಫೋನಿಲ್ಲದಿದ್ದರೂ ಮಂಡ್ಯಕ್ಕೆ ಕೇಳಿಸುವಷ್ಟು ಅವನ ದನಿ ದೊಡ್ಡದು. ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರುತ್ತದೆ. ಪೇಟೆಯಲ್ಲಿ ಎಷ್ಟೇ ಸಂಬಳ ಬರಲಿ, ಅಂಗಡಿಯಿಂದ ಅಕ್ಕಿ ತಂದು ತಿಂದರೆ ಮರ್ಯಾದೆ ಕಡಿಮೆ. ಅಕ್ಕಿ ಊರಿನಿಂದಲೇ ಬರಬೇಕು. ಗದ್ದೆ ಕುಯಿಲಾದ ಮೇಲೆ ಪುಟ್ಟಸ್ವಾಮಿ ಅಕ್ಕನ ಪಾಲು ಎಂದು ಅಕ್ಕಿ ಮೂಟೆ, ಬೆಲ್ಲದ ಅಚ್ಚು, ತೆಂಗಿನಕಾಯಿ ಎಲ್ಲ ಡಿಕ್ಕಿಗೆ ತುರುಕುತ್ತಾನೆ. ಬೇಡ ಎಂದರೆ ನೆಂಟಸ್ತನ ಬೇಡ ಎಂದ ಹಾಗೆ. ಹಳೆಯ ಸ್ಪ್ರಿಂಗು ಕೂತುಹೋಗಿದ್ದೇ ಆ ಮೂಟೆಗಳಿಂದ ಎಂದು ನನ್ನ ಅಭಿಪ್ರಾಯ. ಅವನ ಅಭಿಪ್ರಾಯ ಅದಕ್ಕೆ ತಿರುಗಾಮುರುಗಾ.

“ಭಾವ, ಕಾರು ಅಂದ್ರೆ ಮೂಟೆ ತಡೀಬೇಕು. ಮೂಟೆ ತಡೀನಾರ್ದು ಕಾರಾ ಅದು? ಬಿಗೀದು ಆಕ್ಸಿ, ಎತ್ತರಕ್ಕಿರೋದು ಆಕ್ಸಿ. ಮೇಲಿಂದ ರಬ್ಬರು ಕೊಡ್ಸಿ. ಆಮೇಲೆ ಯಾವ್ ಅಂಪು ಬಂದ್ರೂ ಕೇರ್ ಮಾಡ್ಬೇಡಿ” ಎಂದ.

ಕೆಂಪರಾಜುವಿಗೂ ಅದೇ ಸರಿ ಕಂಡಿತು. ಗಟ್ಟಿ ದನಿಯ ಇಬ್ಬರು ಒಪ್ಪಿದ ಮೇಲೆ ಮೆಲುದನಿಯ ನಾನು ಯಾವ ಲೆಕ್ಕ? ಬಿಗಿಯಾದ ಎತ್ತರದ ಸ್ಪ್ರಿಂಗು ಬಂತು, ಅದರ ಸುರುಳಿಗಳ ನಡುವೆ ದಪ್ಪ ರಬ್ಬರು ಬಂತು. ಹಳೆಯದರಲ್ಲಿ ಒಂದು ನಮ್ಮ ಅಡುಗೆಮನೆ ಸೇರಿತು. ಕಾರು ಸಂತೆಗೆ ತಂದ ಹೋರಿಯ ಹಾಗೆ ಹಿಂಭಾಗ ಎತ್ತಿ ನಿಂತುಕೊಂಡಿತು.

ನಾನು ಖುಷಿಯಿಂದ ಒಬ್ಬನೇ ಒಂದು ಸುತ್ತು ಹೋದೆ. ಹಂಪು ತಳಕ್ಕೆ ತಾಗಲಿಲ್ಲ, ನಿಜ. ಆದರೆ ತಾಗಿದ್ದೆಲ್ಲ ನನಗೇ ತಾಗಿತು. ರಸ್ತೆಯ ಮೇಲೆ ಯಾರಾದರೂ ಕಡಲೆಕಾಯಿ ಸಿಪ್ಪೆ ಎಸೆದಿದ್ದರೂ ಅದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಕೆಂಪರಾಜುವನ್ನು ಕೇಳಿದರೆ “ಅದು ಭಾರಕ್ಕೆ ಮಾಡಿರೋ ಸ್ಪ್ರಿಂಗು ಸಾ. ಭಾರ ಆಕಿ, ಎಂಗೆ ಓಯ್ತದೆ ನೋಡಿ” ಎಂದ. ಹೋದೆ ಮಳವಳ್ಳಿಗೆ. ಪುಟ್ಟಸ್ವಾಮಿ ಡಿಕ್ಕಿಗೆ ಎರಡು ಮೂಟೆ ಅಕ್ಕಿ ಹಾಕಿದ, ಮೇಲೆ ಬೆಲ್ಲ. ವಾಪಸು ಬರುವಾಗ ಕಾರು ಮೆತ್ತಗೆ ತೂಗುತ್ತಾ ಬಂತು. ನಾನು ಮನೆ ಮುಂದೆ ನಿಲ್ಲಿಸಿ ಭಾಗ್ಯಳನ್ನು ಕರೆದು ಒಂದು ಸುತ್ತು ಕರೆದುಕೊಂಡು ಹೋದೆ. “ಪರವಾಗಿಲ್ಲ” ಎಂದಳು. ಗಣಿತದ ಮೇಷ್ಟ್ರು ‘ಪರವಾಗಿಲ್ಲ’ ಎಂದರೆ ಅದು ಪಾಸು.

ಮೂಟೆಗಳನ್ನು ಒಳಗೆ ತರಲು ಹೊರಟವಳನ್ನು ನಾನು ತಡೆದೆ. ಮೂಟೆ ಡಿಕ್ಕಿಯಲ್ಲೇ ಇರಬೇಕು. ಇದ್ದರೆ ಕಾರು ಮೆತ್ತಗೆ, ತೆಗೆದರೆ ಗಟ್ಟಿ. ಅವಳು ಒಳಗಿನಿಂದ ಪಾವು ತಂದು ಡಿಕ್ಕಿಯಲ್ಲೇ ಮೂಟೆ ಬಿಚ್ಚಿ ಅವತ್ತಿನ ಅನ್ನಕ್ಕೆ ಅಕ್ಕಿ ಅಳೆದುಕೊಂಡು ಹೋದಳು.

ಹೀಗೆ ಸಂಸಾರ ನಡೆಯಿತು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಡಿಕ್ಕಿ ತೆಗೆದು ಅಕ್ಕಿ ಅಳೆಯುವ ಮನೆ ಗುತ್ತಲಿನಲ್ಲಿ ನಮ್ಮದೊಂದೇ. ಎದುರು ಮನೆಯವರು ನಾವು ಸೊಸೈಟಿ ಅಕ್ಕಿ ಕದ್ದು ಮಾರುತ್ತಿದ್ದೇವೆ ಎಂದುಕೊಂಡಿದ್ದರೂ ತಪ್ಪಿಲ್ಲ. ಭಾಗ್ಯ ಮತ್ತೆ ಪಕ್ಕದಲ್ಲಿ ಕೂತು ಮದ್ದೂರಿಗೆ ಬರತೊಡಗಿದಳು. ಬಾಗಿಲ ಮೇಲಿನ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು, ಮಾತು ಕಡಿಮೆ, ಆದರೂ ಬಂದಳು. ಆದರೆ ಅನ್ನ ಉಣ್ಣುವವರ ಮನೆಯಲ್ಲಿ ಅಕ್ಕಿ ಖರ್ಚಾಗದೆ ಇರುತ್ತದೆಯೇ? ನಡುವೆ ನನ್ನ ಅಣ್ಣನ ಮನೆಯವರು ಬಂದು ಒಂದಷ್ಟು ದಿನ ಇದ್ದು ಹೋದರು. ಮೂಟೆ ಇಳಿದ ಹಾಗೆಲ್ಲ ಕಾರು ಏರಿತು. ಅಕ್ಕಿ ಅರ್ಧವಾದಾಗ ಕಾರು ಕುಣಿಯಿತು, ಮುಕ್ಕಾಲು ಮುಗಿದಾಗ ಕುಪ್ಪಳಿಸಿತು. ತಾತನ ಎತ್ತುಗಳು ಹಾಸಿಗೆ ತಿಂದ ಹಾಗೆ ನಾವು ಭಾಗ್ಯ ಕೂರುವ ಸುಖವನ್ನು ದಿನಕ್ಕೆರಡು ಹೊತ್ತು ಸಾರು ಹಾಕಿಕೊಂಡು ಉಂಡೆವು.

ಗೆಜ್ಜಲಗೆರೆಯ ಹತ್ತಿರ ಒಂದು ಹಂಪಿನಲ್ಲಿ ಭಾಗ್ಯ “ಅಮ್ಮಾ” ಎಂದು ಸೊಂಟ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು. ನಾನು ಗಾಡಿ ಪಕ್ಕಕ್ಕೆ ಹಾಕಿದೆ. ಅವಳು ಸ್ವಲ್ಪ ಸುಧಾರಿಸಿಕೊಂಡು ಬಾಗಿಲು ತೆಗೆದು ಇಳಿದಳು.

“ಅಕ್ಕಿ ಅನ್ನಕ್ಕೆ ಬೇಕಾ, ಕಾರಿಗೆ ಬೇಕಾ, ನೀವೇ ಒಂದ್ ತೀರ್ಮಾನ ಮಾಡ್ಕೊಳ್ಳಿ” ಎಂದು ಹೇಳಿ, ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದಳು. ನನಗೆ ಅವಳ ಸಿಟ್ಟಿಗಿಂತ ಅವಳು ಬಸ್ಸಿನ ಮೆಟ್ಟಿಲು ಹತ್ತಲು ಪಟ್ಟ ಕಷ್ಟ ನೋಡಿ ಸಂಕಟವಾಯಿತು. ಹಿಂದಿನಿಂದ ಹಾರ್ನು ಹೊಡೆಯುವ ತನಕ ಅಲ್ಲೇ ಕೂತಿದ್ದೆ.

ಆ ಶನಿವಾರ ಮಧ್ಯಾಹ್ನ ಕೆಂಪರಾಜುವಿನ ಗ್ಯಾರೇಜಿನಲ್ಲಿ ನಮ್ಮ ಸಭೆ ಸೇರಿತು. ಮಂಡ್ಯಕ್ಕೆ ಏನೋ ಕೆಲಸಕ್ಕೆ ಬಂದಿದ್ದ ಪುಟ್ಟಸ್ವಾಮಿ ಇದ್ದ, ಹರ್ಷ ಇದ್ದ, ನಾನಿದ್ದೆ. ಅಕ್ಕಿಯ ಬದಲು ಮರಳಿನ ಮೂಟೆ ಇಡಬಹುದು, ಮರಳನ್ನು ಯಾರೂ ಉಣ್ಣುವುದಿಲ್ಲ ಎಂದು ಪುಟ್ಟಸ್ವಾಮಿಯ ವಾದ. ರಬ್ಬರು ತೆಗೆದು ಗ್ಯಾಸಿನ ಶಾಕಪ್ಪು ಹಾಕಬೇಕು ಎಂದು ಹರ್ಷನದು. ಕೆಂಪರಾಜು ಎರಡಕ್ಕೂ ಹೂಂ ಎನ್ನುತ್ತಿದ್ದ. ನಾನು ಮರಳಿನ ಕಡೆಗೆ ವಾಲುತ್ತಿದ್ದೆ. ಅಷ್ಟರಲ್ಲಿ ಭಾಗ್ಯ ತರಕಾರಿ ಚೀಲ ಹಿಡಿದು ಅದೇ ದಾರಿಯಲ್ಲಿ ಬಂದವಳು ನಿಂತಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

“ಅಲ್ಲ, ನೀವು ನಾಕ್ ಜನ ಗಂಡಸ್ರು ನನ್ ಸೊಂಟಕ್ಕೆ ಸ್ಪ್ರಿಂಗು ಹುಡುಕ್ತಾ ಇದೀರಲ್ಲ” ಎಂದಳು. “ಕೂರೋಳು ನಾನು. ಕೂತ್ ನೋಡು ಅಂತ ಯಾರಾದ್ರೂ ಒಬ್ರು ಹೇಳುದ್ರಾ?”

ಪುಟ್ಟಸ್ವಾಮಿ ಮೊದಲ ಸಲ ಮೆಲ್ಲಗೆ “ಅಕ್ಕ ಯೋಳದು ಸರಿ ಅದೆ ಕಣ್ ಭಾವ” ಎಂದ.

ಆಮೇಲೆ ನಡೆದದ್ದನ್ನು ನಾನು ಜೀವನದಲ್ಲಿ ಮರೆಯುವುದಿಲ್ಲ. ಗ್ಯಾರೇಜಿನಲ್ಲಿ ರಿಪೇರಿ ಮುಗಿದು ನಿಂತಿದ್ದ ಕಾರುಗಳೆಷ್ಟಿದ್ದವೋ ಅಷ್ಟರಲ್ಲೂ ಭಾಗ್ಯ ಕೂತು ನೋಡಿದಳು. ಚೀಲವನ್ನು ನನ್ನ ಕೈಗೆ ಕೊಟ್ಟಳು. ಕೆಂಪರಾಜು ಡ್ರೈವರು. ಗ್ಯಾರೇಜಿನಿಂದ ಹೊರಟು, ಮುಂದಿನ ಹಂಪು ಹತ್ತಿಸಿ, ಇಳಿಸಿ, ವಾಪಸು ತರಬೇಕು. ಸೀರೆ ಅಂಗಡಿಯಲ್ಲಿ ಅವಳನ್ನು ನೋಡಿದವರಿಗೆ ಈ ಕ್ರಮ ಗೊತ್ತು. ಮೊದಲನೆಯದನ್ನು ಚೆನ್ನಾಗಿದೆ ಎನ್ನುವುದಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನುವುದಿಲ್ಲ, ಪಕ್ಕಕ್ಕಿಡಿ ಎನ್ನುತ್ತಾಳೆ. “ಇದು ಕುಕ್ಕತ್ತೆ.” “ಇದು ಕುಕ್ಕಲ್ಲ, ಆದ್ರೆ ಆಮೇಲೂ ತೂಗ್ತಾನೇ ಇರತ್ತೆ, ವಾಂತಿ ಬರೋ ಹಾಗಾಯ್ತದೆ.” “ಇದರ ಹಿಂದ್ಲುದು ಚೆನ್ನಾಗದೆ, ಮುಂದ್ಲುದು ಚೆನ್ನಾಗಿಲ್ಲ.” ಕೆಂಪರಾಜು ಬೆವರು ಒರೆಸಿಕೊಂಡು ನನ್ನ ಕಿವಿಯಲ್ಲಿ “ಕಂಪ್ನಿಯೋರೂ ಇಷ್ಟು ನೋಡಾಕಿಲ್ಲ ಸಾ” ಎಂದ.

ಕೊನೆಗೆ ಒಂದು ಕಾರಿನಿಂದ ಇಳಿಯಲೇ ಇಲ್ಲ. ಹಂಪು ದಾಟಿ ಬಂದ ಮೇಲೂ ಒಳಗೇ ಕೂತಿದ್ದಳು. ಅದು ಯಾರೋ ರಿಟೈರಾದವರ ಕಾರು, ಹೆಚ್ಚು ಓಡದ್ದು, ನಮ್ಮ ಕಾರಿನ ಜಾತಿಯದೇ. ಅದಕ್ಕೆ ಕೆಂಪರಾಜು ಹಾಕಿದ್ದು ಕಾರಿನ ಮೊದಲಿನ ಎತ್ತರದ್ದೇ ಸ್ಪ್ರಿಂಗು, ಒಂದು ಚೂರು ಮೆದುವಾದದ್ದು. ಅದಕ್ಕೆ ಹೊಂದುವ ಎಣ್ಣೆಯ ಶಾಕಪ್ಪು. ಎತ್ತರವೂ ಅಲ್ಲ, ಗಿಡ್ಡವೂ ಅಲ್ಲ, ನೋಡಿದರೆ ಬದಲಾಯಿಸಿದ್ದಾರೆ ಎಂದೇ ಗೊತ್ತಾಗುವುದಿಲ್ಲ. ಹಂಪಿನಲ್ಲಿ ಒಮ್ಮೆ ಕುಗ್ಗಿ ಎದ್ದು ಸುಮ್ಮನೆ ಕೂರುತ್ತದೆ.

“ಇದು” ಎಂದಳು ಭಾಗ್ಯ.

ಕೆಂಪರಾಜುವಿಗೆ ಸಮಾಧಾನವಿಲ್ಲ. “ಇದು ಮೆದು ಮೇಡಂ. ಮೂಟೆ ಆಕುದ್ರೆ ಕುಂತೋಯ್ತದೆ.”

ಪುಟ್ಟಸ್ವಾಮಿಗೂ ಮೂಟೆಯದೇ ಚಿಂತೆ. “ಅಕ್ಕ, ಆಮೇಲೆ ಅಕ್ಕಿ ಎಂಗೆ?”

“ಇಷ್ಟು ದಿನ ಮೂಟೆ ಕಾರಲ್ಲಿ ಬಂತು, ನಾನು ಬಸ್ಸಲ್ಲಿ ಬಂದೆ” ಎಂದಳು ಭಾಗ್ಯ. “ಇನ್ಮೇಲೆ ನಾನು ಕಾರಲ್ಲಿ ಬತ್ತೀನಿ. ಮೂಟೆ ಬಸ್ಸಲ್ಲಿ ಬರ್ಲಿ.”

ಅದೇ ಸ್ಪ್ರಿಂಗು, ಅದೇ ಶಾಕಪ್ಪು ನಮ್ಮ ಕಾರಿಗೂ ತರಿಸಿ ಹಾಕಿಸಿದ್ದಾಯಿತು. ಮುಂದಿನ ಭಾನುವಾರ ಮಳವಳ್ಳಿಗೆ ಹೊರಟೆವು. ಸೊಂಟ ಹಿಡಿದುಕೊಂಡ ಮೇಲೆ ಅವಳು ತವರಿಗೆ ಹೋಗಿರಲೇ ಇಲ್ಲ. ನಾನು ಹಿಂದಿನ ದಿನದಿಂದಲೇ ಮಾತು ಕೂಡಿಸಿಟ್ಟುಕೊಂಡಿದ್ದೆ. ಬಸ್ಸಿನ ಹೆಂಗಸಿಗೆ ಹೇಳಿ ನನಗೆ ಹೇಳದೆ ಉಳಿಸಿದ ಕಥೆಗಳನ್ನೆಲ್ಲ ಬಡ್ಡಿ ಸಮೇತ ವಸೂಲು ಮಾಡಬೇಕು ಎಂದು ನನ್ನ ಲೆಕ್ಕ. ಹೊರಡುವಾಗ ಅವಳು ಅಭ್ಯಾಸಬಲದಿಂದ ಬಾಗಿಲ ಮೇಲಿನ ಹಿಡಿ ಹಿಡಿದಿದ್ದಳು. ಮೊದಲನೇ ಹಂಪು ಬಂತು. ಕಾರು ಕುಗ್ಗಿತು, ಎದ್ದಿತು, ಕೂತಿತು. ಅವಳು ನನ್ನ ಕಡೆ ನೋಡಲಿಲ್ಲ, ಕೈ ಮಾತ್ರ ಒಂದನ್ನು ಬಿಟ್ಟಳು. ಮದ್ದೂರಿನಲ್ಲಿ ಎರಡನೆಯ ಕೈಯೂ ಬಂದು ಮಡಿಲಿಗೆ ಬಿತ್ತು.

ಮದ್ದೂರು ದಾಟಿದ ಮೇಲೆ ನಾನು ಶುರು ಮಾಡಿದೆ. “ಅಲ್ಲ, ನಿಮ್ ಹೆಡ್‌ಮಿಸ್ಸು ವಾರ್ಷಿಕೋತ್ಸವಕ್ಕೆ ಏನೋ ಮಾಡಿದ್ರಂತಲ್ಲ?” ಎಂದೆ. ಉತ್ತರ ಬರಲಿಲ್ಲ. ಸಿಟ್ಟೇನೋ ಎಂದು ಸುಮ್ಮನಾದೆ. ಕೆ.ಎಂ. ದೊಡ್ಡಿಯ ಹತ್ತಿರ ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು. ಅವುಗಳ ಪಕ್ಕ ನಿಧಾನಕ್ಕೆ ಹೋಗುವಾಗ ತಿರುಗಿ ನೋಡಿದೆ. ಭಾಗ್ಯಳ ತಲೆ ಕಿಟಕಿಗೆ ಒರಗಿತ್ತು. ಬಾಯಿ ಒಂಚೂರು ತೆರೆದಿತ್ತು. ಗೊರಕೆ ಎಂದು ಹೇಳಿದರೆ ಅವಳು ಒಪ್ಪುವುದಿಲ್ಲ, ಜೋರು ಉಸಿರು ಎನ್ನೋಣ. ಆ ಮುಖದ ಮೇಲಿನ ಬಿಗಿ ಪೂರಾ ಹೋಗಿತ್ತು. ಅವಳನ್ನು ಹಾಗೆ ನೋಡಿ ಎಷ್ಟು ತಿಂಗಳಾಗಿತ್ತು ಎಂದು ನನಗೆ ನೆನಪಾಗಲಿಲ್ಲ. ಮಾತಾಡಲಿ ಎಂದು ಇಷ್ಟೆಲ್ಲ ಮಾಡಿದವನು ನಾನು, ಅವಳು ಎದ್ದುಬಿಟ್ಟಾಳೇನೋ ಎಂದು ಕೆಮ್ಮು ಬಂದರೂ ಕೆಮ್ಮದೆ ತಡೆದುಕೊಂಡೆ.

ಮಳವಳ್ಳಿ ದಾಟಿ ಅವಳ ಊರು ಬಂತು. ಪುಟ್ಟಸ್ವಾಮಿ ಮನೆ ಮುಂದೆಯೇ ನಿಂತಿದ್ದ. ಬಾಯಿ ತೆರೆದು ಇನ್ನೇನು “ಅಕ್ಕಾ” ಎಂದು ಊರಿಗೆಲ್ಲ ಕೇಳುವಂತೆ ಕೂಗಬೇಕು, ನಾನು ತುಟಿಯ ಮೇಲೆ ಬೆರಳಿಟ್ಟೆ. ಅವನು ಬಗ್ಗಿ ಕಿಟಕಿಯಲ್ಲಿ ನೋಡಿದ. ಅಕ್ಕ ಮಲಗಿರುವುದನ್ನು ಕಂಡವನೇ ಬಾಯಿ ಮುಚ್ಚಿದ. ಗಾಡಿ ನಿಲ್ಲಿಸಿದರೆ ಎದ್ದುಬಿಡುತ್ತಾಳೆ ಎಂದು ನಾನು ಕೈಸನ್ನೆಯಲ್ಲೇ ತೋರಿಸಿದೆ. ಅವನಿಗೆ ಅರ್ಥವಾಯಿತು. ಬೈಕು ಹತ್ತಿ, ಶಬ್ದ ಮಾಡದಂತೆ ಸ್ವಲ್ಪ ದೂರ ಕಾಲಲ್ಲೇ ತಳ್ಳಿಕೊಂಡು ಹೋಗಿ, ಆಮೇಲೆ ಸ್ಟಾರ್ಟು ಮಾಡಿ ನನ್ನ ಮುಂದೆ ಹೊರಟ. ಕೆರೆ ಏರಿಯ ಮೇಲೆ ಹೋಗಿ, ತೋಪು ಸುತ್ತಿ ಮತ್ತೆ ಊರಿಗೇ ಬರುವ ಹೊಸ ಟಾರು ರಸ್ತೆ ಅದು. ಎದುರಿಗೆ ಬಂದ ಟ್ರ್ಯಾಕ್ಟರನ್ನು ಅವನು ಪಕ್ಕಕ್ಕೆ ನಿಲ್ಲಿಸಿ ಟೇಪು ಆಫ್ ಮಾಡಿಸಿದ. ಹಾದಿಯಲ್ಲಿ ಮಲಗಿದ್ದ ಎಮ್ಮೆಯನ್ನು ಇಳಿದು ಎಬ್ಬಿಸಿ ಅಟ್ಟಿದ. ಊರಿನ ಜನ ಯಾರೋ ಮಂತ್ರಿ ಬಂದರು ಎಂಬಂತೆ ನಿಂತು ನೋಡಿದರು.

ಒಂದು ಸುತ್ತು ಆಯಿತು. ಪುಟ್ಟಸ್ವಾಮಿ ಹಿಂದೆ ತಿರುಗಿ ನೋಡಿದ, ಅವಳು ಇನ್ನೂ ಎದ್ದಿಲ್ಲ ಎಂದು ನಾನು ತಲೆಯಾಡಿಸಿದೆ. ಇನ್ನೊಂದು ಸುತ್ತು ಹೊರಟೆವು. ಮನೆ ದಾಟುವಾಗ ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಅಷ್ಟರಲ್ಲಿ ಭಾಗ್ಯ ಅರ್ಧ ಕಣ್ಣು ತೆರೆದಳು.

“ಊರು ಬಂತೇನ್ರೀ?” ಎಂದಳು.

ಕಿಟಕಿಯಾಚೆ ಅವಳು ಹುಟ್ಟಿದ ಮನೆಯ ಬಾಗಿಲು ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು.

“ಇನ್ನೂ ದೂರ ಅದೆ, ಮಲಕ್ಕೊ” ಎಂದೆ.